ಕೊಕ್ಕರೆಗೂ ಪಾಲಿಟ್ಟ ಮರಗಳು

ತುಮಕೂರು ಜಿಲ್ಲೆಯ ಹುಳಿಯಾರು ಕಡೆಯಿಂದ ಬೋರನಕಣಿವೆಗೆ ಹೊರಟವರ ಕಣ್ಣಿಗೆ ಎರಡು ಬಗೆಯ ನೆಲ ಬೀಳುತ್ತದೆ. ಹಳ್ಳದ ಮಗ್ಗುಲಲ್ಲಿ, ಕೆರೆಗಳ ಹಿಂದೆ ತೆಂಗಿನ ತೋಟ. ಅಲ್ಲಿಂದ ಮೇಲಕ್ಕೆ ರಾಗಿ ಹೊಲ, ಬದುವಿನ ಮೇಲೆ ಹುಣಸೆ, ಬೇವು, ಹೊಂಗೆ, ಅದರಾಚೆ ಕುರುಚಲು ಕಾಡಿನ ಕಲ್ಲುಗುಡ್ಡ. ಸುವರ್ಣಮುಖಿ ಹೊಳೆ ಈ ಗುಡ್ಡಗಳ ಸಂದಿನಲ್ಲಿ ನುಸುಳಿ ಹಿರಿಯೂರು ಸೀಮೆಯಲ್ಲಿ ವೇದಾವತಿಯನ್ನು ಕೂಡಿಕೊಳ್ಳುತ್ತದೆ. ಅದು ನುಸುಳುವ ಜಾಗವಾದ ಬೋರನಕಣಿವೆಗೆ 19ನೇ ಶತಮಾನದ ಕೊನೆಯ ಭಾಗದಲ್ಲಿ ಮೈಸೂರು ಅರಸರ ಆಡಳಿತ ಅಣೆ ಕಟ್ಟಿಸಿತು. ಅಣೆಯೇನೋ ಎದ್ದಿತು, ಆದರೆ ಮಳೆ ಯಾರ ಮಾತನ್ನೂ ಕೇಳುವುದಿಲ್ಲ. ಜಲಾಶಯ ಕೋಡಿ ಬಿದ್ದ ವರ್ಷವನ್ನು ಇಲ್ಲಿನವರು ತಲೆಮಾರುಗಟ್ಟಲೆ ನೆನೆಯುತ್ತಾರೆ.

ಇಂಥ ಸೀಮೆಯಲ್ಲಿ ಮರವೇ ಬರಗಾಲದ ಆಸರೆ. ರಾಗಿ ಕೈಕೊಟ್ಟ ವರ್ಷವೂ ಹುಣಸೆ ಕಾಯಿ ಬಿಡುತ್ತದೆ, ಬಿರುಬೇಸಿಗೆಯಲ್ಲಿ ಹೊಂಗೆ ಚಿಗುರುತ್ತದೆ. ಮರದ ಮೇಲಿನ ಅಕ್ಕರೆ ಇಲ್ಲಿ ಹುಟ್ಟಿದ್ದು ಈ ಬದುಕಿನ ಲೆಕ್ಕದೊಳಗೇ. ಆ ಲೆಕ್ಕದಲ್ಲಿ ಮನುಷ್ಯರ ಪಾಲಿನ ಜೊತೆಗೆ ಹಕ್ಕಿ, ದನ, ದಾರಿಹೋಕರ ಪಾಲೂ ಇತ್ತು.

ಅದಕ್ಕೆ ಹಳೆಯ ಸಾಕ್ಷಿ ಗುಂಡುತೋಪು. ಹಳೆ ಮೈಸೂರಿನ ಊರೂರಿಗೂ ಇಂಥದ್ದೊಂದು ಇತ್ತು. ಕಂದಾಯದ ದಾಖಲೆಗಳಲ್ಲಿ ಇಂದಿಗೂ ಅದೇ ಹೆಸರಿನ ಸರ್ವೆ ನಂಬರುಗಳಿವೆ. ಮಾವು, ಹಿಪ್ಪೆ, ನೇರಳೆ, ಹುಣಸೆ ಬೆಳೆದು ನಿಂತ ಈ ಊರೊಟ್ಟಿನ ಜಾಗದಲ್ಲಿ ಗಾಡಿಯವರು ಎತ್ತು ಬಿಚ್ಚುತ್ತಿದ್ದರು, ಜಾತ್ರೆಗೆ ಬಂದವರು ಒಲೆ ಹೂಡುತ್ತಿದ್ದರು. ಹಿಪ್ಪೆ ಬೇಸಿಗೆಯ ಆರಂಭದಲ್ಲಿ ಹೂ ಬಿಡುತ್ತದೆ. ಸಿಹಿಯಾದ ಆ ಹೂವಿಗೆ ರಾತ್ರಿ ಬಾವಲಿಗಳು ಮುತ್ತುತ್ತವೆ, ಗುಡ್ಡದ ಕರಡಿಯೂ ಉದುರಿದ ಹೂವನ್ನು ಅರಸಿ ಬರುತ್ತದೆ. ಮಳೆಗಾಲದ ಹೊತ್ತಿಗೆ ಬೀಜ ಆಯ್ದು ತೆಗೆದ ಎಣ್ಣೆಯಿಂದ ಗುಡಿಯ ದೀಪ ಉರಿಯುತ್ತಿತ್ತು. ಹೊಂಗೆಯ ಎಣ್ಣೆ ಮನೆಯ ದೀಪಕ್ಕೆ, ಸೊಪ್ಪು ಗದ್ದೆ ತೋಟದ ಗೊಬ್ಬರಕ್ಕೆ, ಹೂವು ಜೇನಿಗೆ.

ಊರ ಮುಂದಿನ ಅರಳಿಕಟ್ಟೆಯದು ಇನ್ನೊಂದು ಬಗೆಯ ನಂಟು. ಅರಳಿ, ಬೇವುಗಳನ್ನು ಜೋಡಿಯಾಗಿ ನೆಟ್ಟು, ಬೆಳೆದ ಮೇಲೆ ಅವಕ್ಕೆ ಮದುವೆ ಮಾಡಿ, ಬುಡಕ್ಕೆ ನಾಗರಕಲ್ಲು ನಿಲ್ಲಿಸಿ ಕಟ್ಟೆ ಕಟ್ಟುವ ಪದ್ಧತಿ ಈ ಭಾಗದಲ್ಲಿ ಇನ್ನೂ ಉಳಿದಿದೆ. ನ್ಯಾಯ ಪಂಚಾಯಿತಿ ನಡೆದದ್ದು ಅದರ ನೆರಳಲ್ಲೇ. ಬೇರೆ ಹಣ್ಣು ಸಿಗದ ಕಾಲದಲ್ಲೂ ಅರಳಿ, ಆಲ, ಅತ್ತಿಯ ಜಾತಿಯಲ್ಲಿ ಯಾವುದಾದರೊಂದು ಮರ ಹಣ್ಣಾಗಿರುತ್ತದೆ. ಕುಟ್ರುಹಕ್ಕಿ, ಕೋಗಿಲೆ, ಪಿಕಳಾರಗಳ ಹೊಟ್ಟೆ ಅದರಿಂದ ತುಂಬುತ್ತದೆ. ಕಾಯೊಳಗೇ ಅರಳುವ ಈ ಜಾತಿಯ ಹೂಗಳಿಗೆ ಪರಾಗ ತಲುಪಿಸುವುದು ಕಣಜದ ಬಳಗದ ಒಂದು ಸಣ್ಣ ಹುಳ. ಅದು ಮೊಟ್ಟೆಯಿಡುವುದೂ ಅದೇ ಕಾಯೊಳಗೆ. ಹುಳವಿಲ್ಲದೆ ಮರದ ಸಂತಾನವಿಲ್ಲ, ಮರವಿಲ್ಲದೆ ಹುಳದ್ದೂ ಇಲ್ಲ.

ತೆಂಗಿನ ಕಥೆಯಲ್ಲಿ ಪೇಟೆಯೂ ಸೇರಿಕೊಂಡಿದೆ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಕಡೆಯ ತೆಂಗು, ಅಡಿಕೆ ತೋಟಗಳ ಬಗ್ಗೆ ಬರೆದಿಟ್ಟಿದ್ದಾನೆ. ಮುಂದೆ ಗೆಜೆಟಿಯರುಗಳು ಹೊನ್ನವಳ್ಳಿಯ ಗಂಗಾಪಾನಿ ಎಂಬ ಎಳನೀರಿನ ತಳಿಯನ್ನು ಹೊಗಳಿದವು. 1889ರಲ್ಲಿ ಗುಬ್ಬಿಯಿಂದ ಹರಿಹರದವರೆಗೆ ರೈಲು ಹಳಿ ಬಿದ್ದಾಗ ತಿಪಟೂರಿನ ಕೊಬ್ಬರಿಗೆ ದೂರದ ಊರುಗಳ ದಾರಿ ತೆರೆಯಿತು. ಇಲ್ಲಿನ ಉಂಡೆ ಕೊಬ್ಬರಿ ಅವಸರದ ಮಾಲಲ್ಲ. ಹೊಂಬಾಳೆ ಒಡೆದು ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟು ಗಟಗಟ ಸದ್ದು ಮಾಡುವಷ್ಟರಲ್ಲಿ ಇನ್ನೊಂದು ವರ್ಷ ಸಮೀಪಿಸಿರುತ್ತದೆ. ತೋಟದವರ ಮನೆಯ ಮದುವೆ, ಮಕ್ಕಳ ಓದು, ಸಾಲದ ವಾಯಿದೆ ಎಲ್ಲವೂ ಈ ನಿಧಾನದ ಲಯಕ್ಕೇ ಹೊಂದಿಕೊಂಡವು. ಒಂದೇ ಮರದಲ್ಲಿ ಹೊಂಬಾಳೆ, ಹರಳು, ಎಳನೀರು, ಬಲಿತ ಕಾಯಿ ಒಟ್ಟಿಗೆ ತೂಗುತ್ತವೆ. ಗರಿಯ ತುದಿಗೆ ಗೀಜಗ ಗೂಡು ನೇಯುತ್ತದೆ, ಅಳಿಲು ತನ್ನ ಪಾಲನ್ನು ಕೇಳದೆಯೇ ತೆಗೆದುಕೊಳ್ಳುತ್ತದೆ.

ಪಾಲು ಬಿಟ್ಟುಕೊಡುವ ಈ ಗುಣ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನೆರೆಯ ಸಿರಾ ತಾಲ್ಲೂಕಿನ ಕಗ್ಗಲಡು ಒಳ್ಳೆಯ ಉದಾಹರಣೆ. ಊರೊಳಗಿನ ಹುಣಸೆ ಮರಗಳಿಗೆ ವರ್ಷದ ಆರಂಭದಲ್ಲಿ ಬಣ್ಣದ ಕೊಕ್ಕರೆಗಳು ಬಂದಿಳಿಯುತ್ತವೆ. ಬೂದು ಬಕಗಳೂ ಜೊತೆಗೂಡುತ್ತವೆ. ಮನೆಗಳ ಸೂರಿನ ಪಕ್ಕದಲ್ಲೇ ಗೂಡು ಕಟ್ಟಿ, ಮರಿ ಮಾಡಿ, ಮಳೆಗಾಲದಲ್ಲಿ ಹೊರಡುತ್ತವೆ. ಈ ತಾಣವನ್ನು 1999ರಲ್ಲಿ ಹೊರಜಗತ್ತಿಗೆ ತಿಳಿಸಿದ್ದು ತುಮಕೂರಿನ ಹವ್ಯಾಸಿ ವನ್ಯಜೀವಿ ಬಳಗ. ಊರವರಿಗೆ ಅದರಲ್ಲಿ ಹೊಸತೇನೂ ಇರಲಿಲ್ಲ. ಹಕ್ಕಿ ಗೂಡು ಕಟ್ಟುವ ಕಾಲವೂ ಹುಣಸೆ ಬಡಿಯುವ ಕಾಲವೂ ಒಂದರ ಮೇಲೊಂದು ಬೀಳುತ್ತವೆ. ಗೂಡಿರುವ ಮರವನ್ನು ಕಾಯುವುದೆಂದರೆ ಕೈಗೆ ಬರುವ ದುಡ್ಡನ್ನು ಬಿಡುವುದು. ಹಿಕ್ಕೆಯ ವಾಸನೆ, ಮರಿಗಳ ಗಲಾಟೆ ಬೇರೆ. ಅದನ್ನೆಲ್ಲ ತಾಳಿಕೊಂಡೇ ಊರು ಕೊಕ್ಕರೆಗಳಿಗೆ ಜಾಗ ಕೊಟ್ಟಿದೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನದು ಇನ್ನೂ ಹಳೆಯ ದಾಖಲೆ. ಪಕ್ಷಿತಜ್ಞ ಟಿ.ಸಿ. ಜೆರ್ಡನ್ 19ನೇ ಶತಮಾನದಲ್ಲೇ ಅಲ್ಲಿನ ಹೆಜ್ಜಾರ್ಲೆಗಳನ್ನು ದಾಖಲಿಸಿದ್ದ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮೂಲಕ ಆ ಊರು ಮತ್ತೆ ಬೆಳಕಿಗೆ ಬಂತು. ಹಕ್ಕಿಗಳಿಗಾಗಿ ಹುಣಸೆ ಫಸಲು ಬಿಟ್ಟುಕೊಟ್ಟ ಮರದ ಯಜಮಾನರಿಗೆ ಅರಣ್ಯ ಇಲಾಖೆ ಪರಿಹಾರ ಕೊಡಲು ಶುರುಮಾಡಿತು. ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಅಲ್ಲಿನವರು ಹೇಳುತ್ತಾರೆ. ಅವುಗಳ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವಾಯಿತು.

ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಸೊಸೆಯಾಗಿ ಹೋದ ಸಾಲುಮರದ ತಿಮ್ಮಕ್ಕನವರೂ ಈ ಪರಂಪರೆಯವರೇ. ಮಕ್ಕಳಿಲ್ಲದ ತಿಮ್ಮಕ್ಕ, ಚಿಕ್ಕಯ್ಯ ದಂಪತಿ ಹುಲಿಕಲ್-ಕುದೂರು ರಸ್ತೆಯ ಬದಿಗೆ ಆಲದ ಸಸಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು, ದನಕರು ಬಾಯಿ ಹಾಕದಂತೆ ಮುಳ್ಳು ಕಟ್ಟಿ ಬೆಳೆಸಿದರು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲೀಕರಣಕ್ಕೆ ಆ ಮರಗಳೇ ಗುರಿಯಾದಾಗ ತಿಮ್ಮಕ್ಕ ಸರ್ಕಾರದ ಮುಂದೆ ನಿಂತು ಉಳಿಸಿಕೊಡಿ ಎಂದು ಕೇಳಿದರು.

ಆ ಬೇಡಿಕೆ ಇಂದು ಇಡೀ ಸೀಮೆಯದು. ಗುಂಡುತೋಪುಗಳು ಒತ್ತುವರಿಯಾಗಿ ಸವೆದಿವೆ. ಹೊಸ ಹಿಪ್ಪೆ ನೆಡುವವರು ಕಡಿಮೆ. ಕೊಳವೆಬಾವಿಯ ಬಲದಿಂದ ಹೊಲಗಳಿಗೂ ತೆಂಗು ಹಬ್ಬಿತು. ಕಳೆದ ಶತಮಾನದ ಕೊನೆಗೆ ಬಂದ ನುಸಿ ಪೀಡೆ, ಬೆನ್ನಿಗೇ ಬಂದ ಬರ ಒಂದೇ ಬೆಳೆಯನ್ನು ನೆಚ್ಚುವ ಅಪಾಯವನ್ನು ತೋರಿಸಿದವು. ಚಿಕ್ಕನಾಯಕನಹಳ್ಳಿಯ ಗುಡ್ಡಗಳನ್ನು ಅದಿರಿಗಾಗಿ ಬಗೆಯುವುದನ್ನು 2011ರಲ್ಲಿ ಸುಪ್ರೀಂ ಕೋರ್ಟ್ ತಡೆಹಿಡಿಯಬೇಕಾಯಿತು. ಕೆರೆಗಳು ಬತ್ತಿದರೆ ಕೊಕ್ಕರೆಗೆ ಮೀನಿಲ್ಲ, ಮೀನಿಲ್ಲದ ಕಡೆ ಹುಣಸೆ ಮರ ಎಷ್ಟೇ ಎತ್ತರವಿದ್ದರೂ ಅದು ಗೂಡು ಕಟ್ಟುವುದಿಲ್ಲ.

ಹಾಗಂತ ದಾರಿ ಮುಚ್ಚಿಲ್ಲ. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. 2019ರಲ್ಲಿ ಸಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕುರುಚಲು ಕಾಡು ಚಿಂಕಾರ ವನ್ಯಧಾಮವಾಯಿತು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಸಂಪತ್ತನ್ನು ದಾಖಲಿಸಬೇಕು. ಬೋರನಕಣಿವೆ ಸುತ್ತಿನ ಪಂಚಾಯಿತಿಗಳು ತಮ್ಮ ಹಳೆಯ ಹಿಪ್ಪೆ, ಹುಣಸೆ, ಅರಳಿಗಳನ್ನು, ಅವುಗಳ ಮೇಲೆ ಬದುಕುವ ಹಕ್ಕಿ-ಹುಳಗಳ ಸಮೇತ ಆ ದಾಖಲೆಗೆ ಸೇರಿಸಲಿ. ಗುಂಡುತೋಪಿನ ಗಡಿಯನ್ನು ಸರ್ವೆ ಮಾಡಿಸಿ, ಖಾಲಿಯಿರುವ ಕಡೆ ಈ ಮುಂಗಾರಿಗೇ ಹಿಪ್ಪೆ ಸಸಿ ನೆಡಲಿ. ಯಾವ ಮರ ಎಲ್ಲಿತ್ತು ಎಂದು ಹೇಳಬಲ್ಲ ಹಿರಿಯರು ಊರುಗಳಲ್ಲಿ ಇನ್ನೂ ಇದ್ದಾರೆ.