‘ಧಾರಾವಾಹಿ’ಯೋ ‘ಧಾರಾವಾಹಿಯಾಗಿದೆ’ಯೋ: ವಿಕಿಪೀಡಿಯದ ಟೆಲಿವಿಷನ್ ಲೇಖನಗಳ ಸಂಪಾದನಾ ನಿಯಮ ಮತ್ತು ಕನ್ನಡ ವಾಕ್ಯ

ಟೆಲಿವಿಷನ್ ಕಾರ್ಯಕ್ರಮಗಳ ಬಗ್ಗೆ ಬರೆಯುವವರಿಗೆಂದು ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದು ಪ್ರತ್ಯೇಕ ಶೈಲಿ ಕೈಪಿಡಿ ಇದೆ. ಅದರಲ್ಲಿ ಹೊಸ ಸಂಪಾದಕರು ಮೊದಲು ಎಡವುವುದು ಕಾಲಸೂಚನೆಯ ನಿಯಮದಲ್ಲಿ. ಧಾರಾವಾಹಿಯ ಪ್ರಸಾರ ನಿಂತು ಎಷ್ಟೇ ವರ್ಷವಾಗಿದ್ದರೂ ಲೇಖನದ ಮೊದಲ ವಾಕ್ಯದ ಕ್ರಿಯಾಪದ ‘ವಾಸ್’ ಆಗಕೂಡದು, ‘ಈಸ್’ ಆಗಿಯೇ ಇರಬೇಕು. ಪ್ರಸಾರವು ಮುಗಿದುಹೋದ ಘಟನೆ. ಕೃತಿ ಮುಗಿದುಹೋಗುವುದಿಲ್ಲ ಎಂಬುದು ಇದರ ಹಿಂದಿನ ತರ್ಕ. ಈ ನಿಯಮವನ್ನು ಕನ್ನಡದಲ್ಲಿ ಪಾಲಿಸುವುದೆಂದರೆ ಏನನ್ನು ಪಾಲಿಸುವುದು ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ನಿಯಮದ ಉದ್ದೇಶವನ್ನು ಕನ್ನಡವು ತನ್ನ ವಾಕ್ಯರಚನೆಯಿಂದಲೇ ಈಡೇರಿಸಬಲ್ಲದು. ನಿಯಮದ ರೂಪವನ್ನು ಅನುವಾದಿಸಿಕೊಂಡಾಗ ಮಾತ್ರ ಆ ಉದ್ದೇಶಕ್ಕೇ ಧಕ್ಕೆಯಾಗುತ್ತದೆ. ಹೀಗೆಂಬುದು ಇಲ್ಲಿಯ ವಾದ.

ಈ ನಿಯಮಗಳು ಯಾರೋ ವೈಯಾಕರಣರು ಕುಳಿತು ರೂಪಿಸಿದವಲ್ಲ, ಜಗಳಗಳಿಂದ ಹುಟ್ಟಿದವು. 2001ರ ಜನವರಿಯಲ್ಲಿ ಆರಂಭವಾದ ವಿಕಿಪೀಡಿಯಕ್ಕೆ ಮುದ್ರಿತ ವಿಶ್ವಕೋಶಗಳಂತೆ ಪುಟಗಳ ಮಿತಿ ಇರಲಿಲ್ಲ. ಹಾಗಾಗಿ ಜನಪ್ರಿಯ ಧಾರಾವಾಹಿಗಳ ಒಂದೊಂದು ಕಂತಿಗೂ ಒಂದೊಂದು ಪಾತ್ರಕ್ಕೂ ಲೇಖನಗಳು ಹುಟ್ಟಿಕೊಂಡವು. ಕಂತಿನ ಲೇಖನದ ಶೀರ್ಷಿಕೆಯಲ್ಲಿ, ಗೊಂದಲಕ್ಕೆ ಆಸ್ಪದವಿಲ್ಲದಿದ್ದರೂ, ಧಾರಾವಾಹಿಯ ಹೆಸರನ್ನು ಕಂಸದಲ್ಲಿ ಸೇರಿಸಬೇಕೇ ಎಂಬ ವಿವಾದ 2006ರ ಕೊನೆಯ ಹೊತ್ತಿಗೆ ಮಧ್ಯಸ್ಥಿಕೆ ಸಮಿತಿಯವರೆಗೂ ಹೋಯಿತು. ಇಂತಹ ಕಂತುಗಳಿಗೆ, ಪಾತ್ರಗಳಿಗೆ ಪ್ರತ್ಯೇಕ ಲೇಖನ ಇರಬೇಕೇ ಎಂಬ ಪ್ರಶ್ನೆ 2007–08ರಲ್ಲಿ ಎರಡು ಬಾರಿ ಅದೇ ಸಮಿತಿಯ ಮುಂದೆ ಬಂತು. ಅಭಿಮಾನಿಗಳ ಬರವಣಿಗೆಗೂ ವಿಶ್ವಕೋಶದ ಬರವಣಿಗೆಗೂ ನಡುವೆ ಗೆರೆ ಎಳೆಯಬೇಕಾಗಿ ಬಂದಾಗ ಸಂಪಾದಕರು ಮೊರೆಹೋದದ್ದು ಭಾಷೆಯ ಲಕ್ಷಣಗಳಿಗೆ: ಕ್ರಿಯಾಪದದ ಕಾಲ, ಕಥಾಸಾರದ ಉದ್ದ, ನಿರೂಪಕನು ನಿಲ್ಲುವ ಜಾಗ. ಭಾಷಾಶಾಸ್ತ್ರಜ್ಞರಿಗೆ ಈ ವಿವಾದಗಳಲ್ಲಿ ಆಸಕ್ತಿಯಿರಬೇಕಾದದ್ದು ಈ ಕಾರಣಕ್ಕೆ.

ಕಾಲದ ನಿಯಮಕ್ಕೆ ಕಠಿಣ ಪರೀಕ್ಷೆ ಒಡ್ಡುವುದು ಬ್ರಿಟನ್ನಿನ ‘ಡಾಕ್ಟರ್ ಹೂ’. 1963ರ ನವೆಂಬರ್ 23ರಂದು ಆರಂಭವಾದ ಈ ಸರಣಿಯ ಹಲವು ಹಳೆಯ ಕಂತುಗಳ ಟೇಪುಗಳನ್ನು ಬಿಬಿಸಿ ಅಳಿಸಿಹಾಕಿತು. 2013ರಲ್ಲಿ 9 ಕಂತುಗಳು ಪತ್ತೆಯಾದ ಮೇಲೂ 97 ಕಂತುಗಳು ಸಿಗದೆ ಉಳಿದವು. 1964ರಲ್ಲಿ ಪ್ರಸಾರವಾದ ‘ಮಾರ್ಕೊ ಪೋಲೊ’ ಎಂಬ ಕಥಾನಕದ 7 ಕಂತುಗಳಿಗೂ ಇದೇ ಗತಿಯಾಯಿತು. ಉಳಿದುಬಂದದ್ದು ಧ್ವನಿಮುದ್ರಣ ಮತ್ತು ಸ್ಥಿರಚಿತ್ರಗಳು. ಆದರೂ ಅದರ ಲೇಖನ ‘ಈಸ್’ ಎಂದೇ ತೊಡಗುತ್ತದೆ. ಅಂದರೆ ಕೃತಿಯ ಅಸ್ತಿತ್ವವು ಟೇಪಿನ ಅಸ್ತಿತ್ವವನ್ನು ಅವಲಂಬಿಸಿಲ್ಲ ಎಂಬ ತಾತ್ವಿಕ ನಿಲುವನ್ನು ಒಂದು ಸಹಾಯಕ ಕ್ರಿಯಾಪದ ಹೊತ್ತುಕೊಂಡಿದೆ. ಇಂಗ್ಲಿಷಿಗೆ ಈ ಹೊರೆ ತಪ್ಪದು. ‘ಅ ಎಂಬುದು ಆ’ ಎಂದು ಹೇಳಹೊರಟ ಇಂಗ್ಲಿಷ್ ವಾಕ್ಯಕ್ಕೆ ಕ್ರಿಯಾಪದ ಬೇಕೇ ಬೇಕು, ಕ್ರಿಯಾಪದವೆಂದ ಮೇಲೆ ಕಾಲವೂ ಬೇಕು. ಯಾವುದಾದರೊಂದನ್ನು ಆರಿಸಲೇಬೇಕಾದ್ದರಿಂದ ನಿಯಮ ಹುಟ್ಟಿತು.

ಕನ್ನಡಕ್ಕೆ ಆ ಅನಿವಾರ್ಯತೆ ಇಲ್ಲ. ನಮ್ಮ ನಾಮವಾಕ್ಯದಲ್ಲಿ ಕ್ರಿಯಾಪದವೇ ಬೇಕಾಗಿಲ್ಲ: ‘ಇದು ಮರ’, ‘ಅವರು ಮೇಷ್ಟ್ರು’. ಇದರ ನಿಷೇಧರೂಪವಾದ ‘ಅಲ್ಲ’ ಕೂಡ ಕಾಲವನ್ನು ಸೂಚಿಸುವುದಿಲ್ಲ. ಈಗ ಈ ವಾಕ್ಯವನ್ನು ನೋಡಬಹುದು: ‘ಮಾಲ್ಗುಡಿ ಡೇಸ್ 1986ರಲ್ಲಿ ದೂರದರ್ಶನದಲ್ಲಿ ಪ್ರಸಾರವಾದ, ಶಂಕರ್ ನಾಗ್ ನಿರ್ದೇಶನದ ಹಿಂದಿ ಧಾರಾವಾಹಿ.’ ಇಲ್ಲಿ ಭೂತಕಾಲವಿರುವುದು ‘ಪ್ರಸಾರವಾದ’ ಎಂಬ ಕೃದಂತ ವಿಶೇಷಣದಲ್ಲಿ ಮಾತ್ರ. ಘಟನೆಗೆ ಕಾಲ ಸಿಕ್ಕಿತು, ಕೃತಿಗೆ ಕಾಲ ತಗಲಲಿಲ್ಲ. ಇಂಗ್ಲಿಷ್ ಕೈಪಿಡಿಯು ವಿವರಣೆ, ವಿನಾಯಿತಿ, ಉದಾಹರಣೆಗಳನ್ನು ಕೊಟ್ಟು ಸಾಧಿಸಹೊರಟ ವಿಭಜನೆ ಇಲ್ಲಿ ಪದರಚನೆಯಲ್ಲೇ ಸಾಧಿಸಿದೆ. ಧಾರಾವಾಹಿ ಇನ್ನೂ ನಡೆಯುತ್ತಿದ್ದರೆ ‘ಪ್ರಸಾರವಾಗುತ್ತಿರುವ’ ಎಂದು ಬರೆಯಬಹುದು. ಅದು ಮುಗಿದ ದಿನ ಬದಲಾಗಬೇಕಾದದ್ದು ಆ ಒಂದು ಪದ ಮಾತ್ರ.

ಹೀಗಿದ್ದೂ ಕನ್ನಡದ ಮಿಂದಾಣಗಳಲ್ಲಿ ನಾವು ಪದೇ ಪದೇ ಕಾಣುವುದು ಇನ್ನೊಂದು ವಾಕ್ಯವನ್ನು: ‘ಮಾಲ್ಗುಡಿ ಡೇಸ್ ಒಂದು ಹಿಂದಿ ಧಾರಾವಾಹಿಯಾಗಿದೆ.’ ‘ಒಂದು’ ಎಂಬುದು ಇಂಗ್ಲಿಷಿನ ಅನಿಶ್ಚಿತ ಉಪಪದದ ನೆರಳು, ‘ಆಗಿದೆ’ ಎಂಬುದು ‘ಈಸ್’ನ ನೆರಳು. ಈ ರೂಪಕ್ಕೆ ವಿಕಿಪೀಡಿಯವನ್ನೇ ದೂರುವುದು ಅನ್ಯಾಯ. ಆಡಳಿತ ಕನ್ನಡದಲ್ಲಿಯೂ ಪತ್ರಿಕೆಗಳ ಅನುವಾದಿತ ವರದಿಗಳಲ್ಲಿಯೂ ಅದು ಮೊದಲೇ ನೆಲೆಯೂರಿತ್ತು. ಆದರೆ ‘ಆಗಿದೆ’ ಎಂಬುದಕ್ಕೆ ಕನ್ನಡದಲ್ಲಿ ಅದರದೇ ಆದ ಕೆಲಸವಿದೆ. ‘ಮದುವೆ ಆಗಿದೆ’ ಎನ್ನುವಲ್ಲಿ ಅದು ಒಂದು ಬದಲಾವಣೆ ನಡೆದು ಅದರ ಫಲ ಉಳಿದಿರುವುದನ್ನು ಹೇಳುತ್ತದೆ. ಆರ್. ಕೆ. ನಾರಾಯಣ್ ಅವರ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಬಗ್ಗೆ ‘ಇದು ಧಾರಾವಾಹಿಯಾಗಿದೆ’ ಎಂದರೆ, ಅದನ್ನು ಆಧರಿಸಿ ಧಾರಾವಾಹಿ ಬಂದಿದೆ ಎಂಬ ಸಹಜ ಅರ್ಥ ಹೊರಡುತ್ತದೆ, ಮತ್ತು ಅದು ನಿಜ. ‘ಮಾಲ್ಗುಡಿ ಡೇಸ್’ ಬಗ್ಗೆ ಅದೇ ಮಾತು ಹೇಳಿದರೆ ಯಾವ ಅರ್ಥ? ಧಾರಾವಾಹಿಯೂ ಕಥಾಸಂಕಲನವೂ ಒಂದೇ ಹೆಸರನ್ನು ಹಂಚಿಕೊಂಡಿರುವ ಈ ಪ್ರಕರಣದಲ್ಲಿ ಓದುಗನಿಗೆ ಎರಡೂ ಅರ್ಥ ಹೊಳೆಯಬಹುದು. ಇನ್ನು ‘ಧಾರಾವಾಹಿಯಾಗಿತ್ತು’ ಎಂದು ಬರೆದರಂತೂ ಈಗ ಅದು ಬೇರೇನೋ ಆಗಿರಬೇಕೆಂಬ ಧ್ವನಿ ಬಂದುಬಿಡುತ್ತದೆ. ‘ಆಗಿದೆ’ ಸರಿಯೋ ‘ಆಗಿತ್ತು’ ಸರಿಯೋ ಎಂದು ಕನ್ನಡದಲ್ಲಿ ಚರ್ಚಿಸುವುದೆಂದರೆ ಇಂಗ್ಲಿಷಿನ ಸಮಸ್ಯೆಯೊಂದನ್ನು ಬೇಡದಿದ್ದರೂ ಬಾಡಿಗೆಗೆ ತಂದಂತೆ. ಕನ್ನಡಕ್ಕೆ ಅದರದೇ ವ್ಯಾಕರಣ ಬೇಕೆಂದು ಡಿ. ಎನ್. ಶಂಕರ ಭಟ್ಟರು ಸಂಸ್ಕೃತ ವ್ಯಾಕರಣದ ಚೌಕಟ್ಟನ್ನು ಕುರಿತು ಎತ್ತಿದ ಆಕ್ಷೇಪವನ್ನು ಇಲ್ಲಿ ಇಂಗ್ಲಿಷ್ ಶೈಲಿ ಕೈಪಿಡಿಗೂ ಅನ್ವಯಿಸಬಹುದು.

ಮಾದರಿಯೇ ಇರಲಿಲ್ಲವೆಂದೂ ಹೇಳುವಂತಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಬಂದದ್ದು 1969ರಲ್ಲಿ. ಅದರ ಉಲ್ಲೇಖಗಳ ವಾಡಿಕೆಯ ಆರಂಭವೆಂದರೆ ಶೀರ್ಷಿಕೆ, ಅದರ ಮುಂದೆ ಎರಡು ಚುಕ್ಕಿ, ಅನಂತರ ಕ್ರಿಯಾಪದವಿಲ್ಲದ ಒಂದು ವಿವರಣೆ. ‘ಇಂಥ ಕುಟುಂಬಕ್ಕೆ ಸೇರಿದ ಸಸ್ಯ’, ‘ಇಂಥ ಜಿಲ್ಲೆಯ ಒಂದು ತಾಲ್ಲೂಕು’ ಎಂಬ ಬಗೆಯದು. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾದಾಗ ಈ ಪರಂಪರೆ ಕಣ್ಣೆದುರೇ ಇತ್ತು. ಆ ವಿಶ್ವಕೋಶದ ಕೆಲವು ಸಂಪುಟಗಳು 2014ರಲ್ಲಿ ಮುಕ್ತ ಪರವಾನಗಿಯಡಿ ದೊರೆತವು ಕೂಡ. ಆದರೆ ಈ ನಡುವೆ, 2010ರ ಆಸುಪಾಸಿನಲ್ಲಿ, ಗೂಗಲ್ ತನ್ನ ಅನುವಾದ ಸಲಕರಣೆಯ ನೆರವಿನಿಂದ ಕನ್ನಡವೂ ಸೇರಿದಂತೆ ಭಾರತದ ಹಲವು ಭಾಷೆಗಳ ವಿಕಿಪೀಡಿಯಗಳಿಗೆ ಇಂಗ್ಲಿಷ್ ಲೇಖನಗಳ ಅನುವಾದಗಳನ್ನು ಸೇರಿಸಿತು. ಅನುವಾದಕ್ಕೆ ಬಂದದ್ದು ಮಾಹಿತಿಯೊಂದೇ ಅಲ್ಲ. ಆ ಮಾಹಿತಿಯನ್ನು ರೂಪಿಸಿದ್ದ ಸಂಪಾದನಾ ನಿಯಮಗಳೂ ಹೆಸರು ಹೇಳದೆ ವಾಕ್ಯಗಳ ಒಳಗೆ ಕುಳಿತು ಬಂದವು. ‘ಈಸ್’ ಏಕೆ ಎಂಬ ಚರ್ಚೆ ಇಂಗ್ಲಿಷಿನಲ್ಲೇ ಉಳಿಯಿತು. ‘ಆಗಿದೆ’ ಮಾತ್ರ ಕನ್ನಡಕ್ಕೆ ದಾಟಿತು.

ಕಥಾಸಾರದ ಕಾಲವೂ ಇಷ್ಟು ಸರಳವಲ್ಲ. ಕಥೆಯನ್ನು ವರ್ತಮಾನದಲ್ಲಿ ಹೇಳಬೇಕೆಂಬುದು ಇಂಗ್ಲಿಷ್ ನಿಯಮ. ಕನ್ನಡದ ‘ಬಿಡುತ್ತಾಳೆ’ ಶುದ್ಧ ವರ್ತಮಾನವಲ್ಲ, ಭೂತವಲ್ಲದ್ದು ಎಂಬುದಷ್ಟೇ ಅದರ ಲಕ್ಷಣ. ‘ನಾಳೆ ಮನೆ ಬಿಡುತ್ತಾಳೆ’ ಎಂದೂ ಹೇಳುತ್ತೇವೆ. ಮುಗಿದ ಕಥೆಗೆ ಇದರಿಂದ ತೊಂದರೆಯಿಲ್ಲ. ಪ್ರತಿದಿನ ರಾತ್ರಿ ಪ್ರಸಾರವಾಗುವ ಧಾರಾವಾಹಿಯ ಲೇಖನದಲ್ಲಿ ಮಾತ್ರ, ನಾಯಕಿ ಮನೆ ಬಿಟ್ಟದ್ದು ನಿನ್ನೆಯ ಕಂತಿನಲ್ಲೋ, ಪ್ರೋಮೋ ನೋಡಿದ ಸಂಪಾದಕರ ನಿರೀಕ್ಷೆಯಲ್ಲೋ ಎಂದು ಈ ರೂಪ ಬೇರ್ಪಡಿಸಿ ಹೇಳದು. ಭವಿಷ್ಯದ ಊಹೆಗಳನ್ನು ಸೇರಿಸಬಾರದೆಂಬ ಇನ್ನೊಂದು ನಿಯಮಕ್ಕೆ ಇದರಿಂದ ಕಿಂಡಿ ಬೀಳುತ್ತದೆ. ಇಂತಹ ಕಡೆ ‘ಬಿಟ್ಟಿದ್ದಾಳೆ’ ಎಂಬ ರೂಪವೇ ನಿಯಮದ ಉದ್ದೇಶಕ್ಕೆ ಹತ್ತಿರವೆಂದು ತೋರುತ್ತದೆ. ನಮ್ಮ ಅಜ್ಜಿಕಥೆಗಳು ‘ಒಬ್ಬ ರಾಜ ಇದ್ದನಂತೆ’ ಎಂದು ಒಂದೇ ಪ್ರತ್ಯಯದಲ್ಲಿ ಮಾತಿನ ಹೊಣೆಯನ್ನು ಬೇರೆಯವರಿಗೆ ದಾಟಿಸುತ್ತವೆ. ವಿಶ್ವಕೋಶದ ಗದ್ಯ ಆ ‘ಅಂತೆ’ಯನ್ನು ಬಿಟ್ಟುಕೊಟ್ಟು ಅದರ ಜಾಗದಲ್ಲಿ ಆಕರದ ಉಲ್ಲೇಖವನ್ನು ಇಟ್ಟಿದೆ. ಕಥಾಸಾರಕ್ಕಾದರೋ ಕೃತಿಯೇ ಆಕರ ಎಂಬುದು ಒಪ್ಪಿತ.

ಇಂಗ್ಲಿಷ್ ಕೈಪಿಡಿಗಳು ಬಹಳ ಶ್ರಮಪಟ್ಟು ವಿವರಿಸುವ ಇನ್ನೊಂದು ತತ್ತ್ವ, ಕಥಾಲೋಕದ ಒಳಗೆ ನಿಂತು ಬರೆಯಬಾರದು ಎಂಬುದು. ಪಾತ್ರಕ್ಕೆ ಹುಟ್ಟಿದ ದಿನ, ವಿದ್ಯಾಭ್ಯಾಸ, ವೃತ್ತಿಗಳನ್ನು ಕೊಟ್ಟು, ಬದುಕಿದ್ದ ವ್ಯಕ್ತಿಯ ಜೀವನಚರಿತ್ರೆಯೆಂಬಂತೆ ಬರೆಯುವುದನ್ನು ಇದು ತಡೆಯುತ್ತದೆ. ಕನ್ನಡದಲ್ಲಿ ಈ ಗೆರೆಯ ಬಹುಪಾಲನ್ನು ಗೌರವಸೂಚಕ ಬಹುವಚನ ಎಳೆದುಕೊಡುತ್ತದೆ. ನಟರು ‘ನಟಿಸಿದ್ದಾರೆ’, ಪಾತ್ರ ‘ಓಡುತ್ತಾನೆ’. ಒಂದೇ ಪರಿಚ್ಛೇದದಲ್ಲಿ ಎರಡೂ ಬಂದರೂ ಯಾವುದು ಹೊರಗಿನ ಲೋಕ, ಯಾವುದು ಒಳಗಿನದು ಎಂಬುದನ್ನು ಕ್ರಿಯಾಪದದ ಕೊನೆಯೇ ತಿಳಿಸುತ್ತದೆ. ಆದರೆ ಈ ಅನುಕೂಲ ಎಲ್ಲೆಡೆ ಒದಗದು. ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯ ತಂದೆಯ ಪಾತ್ರವನ್ನು ಗಿರೀಶ ಕಾರ್ನಾಡರು ಮಾಡಿದ್ದಾರೆ. ಆ ತಂದೆ ಮಗನನ್ನು ‘ಗದರಿಸುತ್ತಾನೆ’ ಎಂದರೆ ಕನ್ನಡದ ಕಿವಿಗೆ ಒರಟು. ‘ಗದರಿಸುತ್ತಾರೆ’ ಎಂದರೆ ನಿರೂಪಕನು ಸ್ವಾಮಿಯ ಪಕ್ಕದಲ್ಲಿ, ಮಗನ ಸ್ಥಾನದಲ್ಲಿ ನಿಂತುಬಿಡುತ್ತಾನೆ. ಗೌರವವು ಸಂಬಂಧವನ್ನು ಸೂಚಿಸುವುದರಿಂದ, ಯಾರ ಸಂಬಂಧ ಎಂಬ ಪ್ರಶ್ನೆ ಏಳುತ್ತದೆ. ನನ್ನ ಅಭಿಪ್ರಾಯದಲ್ಲಿ, ಹಿರಿಯರೆಂಬ ಕಾರಣಕ್ಕೆ ಪಾತ್ರಗಳಿಗೆ ಬಹುವಚನ ಕೊಡುವುದು ಕಥಾಲೋಕದ ಒಳಗಿನ ದೃಷ್ಟಿಯೇ. ಒರಟುತನವನ್ನು ತಪ್ಪಿಸಬೇಕಾದರೆ ‘ತಂದೆಯ ಗದರಿಕೆಗೆ ಹೆದರಿ ಸ್ವಾಮಿ ಓಡುತ್ತಾನೆ’ ಎಂದು ನಾಮಪದದ ದಾರಿ ಹಿಡಿಯಬಹುದು. ಬಾಲನಟರ ವಿಷಯದಲ್ಲಿ ಇದು ತಿರುವುಮುರುವಾಗುತ್ತದೆ. ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥ್ ಅಂದು ಬಾಲಕ, ಇಂದು ಅವರಿಗೆ ‘ನಟಿಸಿದ್ದಾರೆ’ ಎನ್ನದೆ ವಿಧಿಯಿಲ್ಲ. ಇಂಗ್ಲಿಷ್ ಕೈಪಿಡಿಯನ್ನು ಎಷ್ಟು ಶ್ರದ್ಧೆಯಿಂದ ಅನುವಾದಿಸಿದರೂ ಈ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ, ಏಕೆಂದರೆ ಈ ಪ್ರಶ್ನೆಯೇ ಅದಕ್ಕೆ ಎದುರಾಗಿಲ್ಲ.

ಕಥೆಯ ಅಂತ್ಯವನ್ನು ಮುಚ್ಚಿಡಬಾರದು ಎಂಬುದು ಇನ್ನೊಂದು ನಿಯಮ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಮೊದಲು ಕಥಾಸಾರದ ಮೇಲೆ ‘ಮುಂದೆ ಕಥೆ ಬಯಲಾಗುತ್ತದೆ’ ಎಂಬ ಎಚ್ಚರಿಕೆಯ ಪಟ್ಟಿ ಇರುತ್ತಿತ್ತು. 2007ರಲ್ಲಿ ದೀರ್ಘ ಚರ್ಚೆಯ ಬಳಿಕ ಅದನ್ನು ಕೈಬಿಡಲಾಯಿತು. ಕನ್ನಡದಲ್ಲಿ ಕಥಾಸಾರವೆಂಬ ಪ್ರಕಾರಕ್ಕೆ ಇದರ ವಿರುದ್ಧವಾದ ಪೂರ್ವಸ್ಮೃತಿಯಿದೆ. ಚಿತ್ರಮಂದಿರಗಳ ಬಳಿ ಮಾರುತ್ತಿದ್ದ ಸಿನಿಮಾ ಪದ್ಯಾವಳಿಗಳು ಕಥೆಯನ್ನು ಅರ್ಧಕ್ಕೆ ತಂದು ನಿಲ್ಲಿಸಿ, ನಾಲ್ಕಾರು ಪ್ರಶ್ನೆಗಳನ್ನು ಎಸೆದು, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡುವಂತೆ ಆಹ್ವಾನಿಸುತ್ತಿದ್ದವು. ಧಾರಾವಾಹಿಯ ಕಥೆಯನ್ನು ‘ಮುಂದೇನಾಗುವುದು?’ ಎಂದು ಮುಗಿಸುವ ಸಂಪಾದಕರು ನಿಯಮವನ್ನು ಉಲ್ಲಂಘಿಸುತ್ತಿರುವುದು ನಿಜ. ಅವರು ಪಾಲಿಸುತ್ತಿರುವುದು ಇನ್ನೊಂದು ಹಳೆಯ ಪ್ರಕಾರದ ನಿಯಮವನ್ನು. ಅದನ್ನು ಅಜ್ಞಾನವೆಂದು ಅಳಿಸುವುದಕ್ಕಿಂತ, ಜಾಹೀರಾತಿನ ಕಥಾಸಾರ ಬೇರೆ, ಉಲ್ಲೇಖಗ್ರಂಥದ ಕಥಾಸಾರ ಬೇರೆ ಎಂದು ತಿಳಿಸುವುದು ಲೇಸು. ‘ಧಾರಾವಾಹಿ’, ‘ಕಂತು’ ಎಂಬ ಪದಗಳೇ ಟೆಲಿವಿಷನ್ನಿಗಿಂತ ಹಳೆಯವು. ವಾರಪತ್ರಿಕೆಗಳ ಕಾದಂಬರಿಗಳಿಂದ ಅವು ಪರದೆಗೆ ಬಂದವು, ಮತ್ತು ‘ಮುಂದಿನ ವಾರಕ್ಕೆ’ ಎಂಬ ಓದುಗರ ಕುತೂಹಲವೂ ಅವುಗಳ ಜೊತೆಗೇ ಬಂತು.

ಕೊನೆಯದಾಗಿ ಉದ್ದದ ಮಿತಿ. ಕಂತುಗಳ ಪಟ್ಟಿಯಲ್ಲಿ ಒಂದೊಂದು ಕಂತಿನ ಸಾರಕ್ಕೆ 200 ಪದ, ಪ್ರತ್ಯೇಕ ಕಂತಿನ ಲೇಖನದ ಕಥಾಭಾಗಕ್ಕೆ 400 ಪದ ಮೀರಬಾರದೆಂದು ಇಂಗ್ಲಿಷ್ ಕೈಪಿಡಿ ಹೇಳುತ್ತದೆ. ಕನ್ನಡದಲ್ಲಿ ‘ಮನೆಯವರಿಗೆ ಹೇಳದೆ ಊರು ಬಿಟ್ಟಿದ್ದವನು ಮರಳುತ್ತಾನೆ’ ಎಂಬುದು 5 ಪದ. ಇಂಗ್ಲಿಷಿನಲ್ಲಿ ಇದನ್ನೇ ಹೇಳಲು ಸುಮಾರು 10 ಪದಗಳು ಬೇಕಾಗುತ್ತವೆ. ‘ಊರುಬಿಟ್ಟಿದ್ದವನು’ ಎಂದು ಸೇರಿಸಿ ಬರೆದರೆ ನಮ್ಮ ಎಣಿಕೆ 4ಕ್ಕೆ ಇಳಿಯುತ್ತದೆ. ಅದೇ ಅಂಕಿಯನ್ನು ಕನ್ನಡಕ್ಕೆ ತಂದರೆ ಕಥಾಸಾರ ಸುಮಾರು ಎರಡು ಪಟ್ಟು ಹಿಗ್ಗಲು ಅನುಮತಿ ಕೊಟ್ಟಂತೆ; ಕಥೆಯನ್ನು ಮೊಟಕುಗೊಳಿಸಿ ನಿರ್ಮಾಣ, ಪ್ರಸಾರ, ವಿಮರ್ಶೆಗಳಿಗೆ ಜಾಗ ಮಾಡಿಕೊಡಬೇಕೆಂಬ ಮೂಲ ಆಶಯ ಅಲ್ಲಿಗೆ ತೀರಿತು. ಪದವನ್ನು ಬಿಟ್ಟು ಪೂರ್ಣ ಕ್ರಿಯಾಪದವನ್ನು ಎಣಿಸುವುದು ಹೆಚ್ಚು ನ್ಯಾಯವಾದೀತು. ಆಗ ಎಷ್ಟೇ ಕೃದಂತಗಳನ್ನು ಪೋಣಿಸಿದರೂ ‘ಮರಳುತ್ತಾನೆ’ ಒಂದೇ, ಮತ್ತು ಕಂತೊಂದಕ್ಕೆ ಅಂತಹ ಹದಿನೈದು ಇಪ್ಪತ್ತು ಕ್ರಿಯಾಪದಗಳು ಸಾಕಾಗುತ್ತವೆ.