ಬೀಡಿನ ಕಾವಲಿ, ಬಡಿದ ಕಾವಲಿ

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ದೊಡ್ಡ ಕಾವಲಿ ಸೀಳಿತು. ಕೈಜಾರಿ ಬಿದ್ದದ್ದಲ್ಲ. ಅಂದು ಭಾನುವಾರ, ನನಗೆ ಬೆಳಗಿನ ಡ್ಯೂಟಿ ಇರಲಿಲ್ಲ. ಊರಿನಿಂದ ಬಂದ ನೆಂಟರೂ ಸೇರಿ ಆರು ಜನಕ್ಕೆ ದೋಸೆ ಹುಯ್ದು ಮುಗಿಸಿದ್ದೆ. ಅಂಚಿನಲ್ಲಿ ಕರಕಾಗಿ ಹಿಡಿದಿದ್ದ ಹಿಟ್ಟು ಬಿಡಲಿ ಎಂದು, ಹೊಗೆಯಾಡುತ್ತಿದ್ದ ಕಾವಲಿಯನ್ನೇ ಎತ್ತಿ ನಲ್ಲಿಯ ಕೆಳಗೆ ಹಿಡಿದೆ. ‘ಟಣ್’ ಎಂದು ಒಂದೇ ಒಂದು ಸದ್ದು. ನೋಡಿದರೆ ಅಂಚಿನಿಂದ ನಡುವಿನವರೆಗೆ ಕೂದಲೆಳೆಯಂಥ ಸೀಳು.

ಇದೇ ಕೆಲಸವನ್ನು ನನ್ನಮ್ಮ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಮೂವತ್ತು ವರ್ಷದಿಂದ ಮಾಡುತ್ತ ಬಂದಿದ್ದಾಳೆ. ಒಲೆಯಿಂದ ಇಳಿಸಿದವಳೇ ಬಚ್ಚಲಿಗೆ ಒಯ್ದು ಒಂದು ಚೊಂಬು ನೀರು ಸುರಿಯುತ್ತಾಳೆ; ‘ಚುಂಯ್’ ಎನ್ನುತ್ತದೆ, ಅಷ್ಟೆ. ಫೋನು ಮಾಡಿ ಹೇಳಿದೆ. “ನಂದಕ್ಕೆ ಏನೂ ಆಗಿಲ್ಲವಲ್ಲೇ ಮಾರಾಯ್ತಿ! ಕಬ್ಬಿಣ ಎಲ್ಲಾದರೂ ಸೀಳುವುದುಂಟಾ? ನಿನಗೆ ಅಂಗಡಿಯವನು ಟೋಪಿ ಹಾಕಿದ್ದಾನೆ” ಅಂದಳು. ನನಗೂ ಹಾಗೇ ಅನ್ನಿಸಿತ್ತು. ಒಡೆದ ಕಾವಲಿಯನ್ನು ಚೀಲಕ್ಕೆ ಹಾಕಿಕೊಂಡು ಜಗಳಕ್ಕೆಂದೇ ಹೋದೆ. ಪಾತ್ರೆ ಅಂಗಡಿಯ ಮುದುಕರು ಚೀಲದೊಳಗೆ ಇಣುಕಿ ನೋಡಿ, ನಕ್ಕು, ಮರಾಠಿಯಲ್ಲಿ ಒಂದೇ ಮಾತು ಹೇಳಿದರು: “ತುಮಚ್ಯಾ ಆಈಚಾ ತವಾ ಲೋಖಂಡಾಚಾ ಅಸಣಾರ, ಹಾ ಬಿಡಾಚಾ ಆಹೇ.” ನಿಮ್ಮ ತಾಯಿಯದು ಕಬ್ಬಿಣದ ಕಾವಲಿ ಇರಬೇಕು, ಇದು ಬೀಡಿನದು.

ಬೀಡು! ಕನ್ನಡ ಬಿ.ಎ. ಓದಿದವಳಿಗೆ ಬೀಡು ಎಂದರೆ ಪಾಳೆಯ, ಬೀಡುಬಿಟ್ಟ ಸೈನ್ಯ. ನಮ್ಮ ಭಾಷೆಯಲ್ಲೇ ಎರಕದ ಕಬ್ಬಿಣಕ್ಕೂ ಬೀಡು ಎನ್ನುತ್ತಾರೆಂದು ನೆನಪಿಸಲು ದಾದರಿನ ಪಾತ್ರೆ ಅಂಗಡಿಯವರು ಬೇಕಾಯಿತು. ಮರಾಠಿಯ ‘ಬೀಡ’ವೂ ಇದೇ. ನಿಮ್ಮಲ್ಲಿ ಚೆನ್ನೈಯಲ್ಲಿರುವವರು ಇದನ್ನು ವಾರ್ಪ್ಪಿರುಂಬು ಎಂದೂ, ಹೈದರಾಬಾದಿನವರು ಪೋತ ಇನುಮು ಎಂದೂ, ದೆಹಲಿಯವರು ಢಲವಾ ಲೋಹಾ ಎಂದೂ ಕೇಳಿರುತ್ತೀರಿ. ಎಲ್ಲದರ ಅರ್ಥವೂ ಒಂದೇ, ಹೊಯ್ದು ಮಾಡಿದ ಕಬ್ಬಿಣ. ಅಮ್ಮನದು ಬಡಿದು ಮಾಡಿದ ಕಬ್ಬಿಣ. ನೋಡಲು ಎರಡೂ ಕಪ್ಪು, ಎರಡೂ ಭಾರ. ಆದರೆ ಇವೆರಡರ ಚರಿತ್ರೆಯೇ ಬೇರೆ. ಈಚೆಗೆ ಎಲ್ಲರೂ “ಅಜ್ಜಿಯ ಕಾಲದ ಬೀಡಿನ ಕಾವಲಿ” ಎಂದು ಹಾಡಿಹೊಗಳುತ್ತಿರುವುದರಿಂದ, ಯಾವ ಅಜ್ಜಿ, ಯಾವ ಕಾಲ ಎಂದು ಸ್ವಲ್ಪ ಕೆದಕಿ ನೋಡೋಣ.

ಕಬ್ಬಿಣಕ್ಕಿಂತ ಮೊದಲು ಏನಿತ್ತು ಎಂಬುದನ್ನು ನಮ್ಮ ಮಾತುಗಳೇ ಹೇಳುತ್ತವೆ. ಉತ್ತರ ಕರ್ನಾಟಕದವರು ರೊಟ್ಟಿ ಬೇಯಿಸುವುದಕ್ಕೆ ಇಂದಿಗೂ ‘ಹಂಚು’ ಎನ್ನುತ್ತಾರೆ, ಅಂದರೆ ಸುಟ್ಟ ಮಣ್ಣು. ಕರಾವಳಿಯಲ್ಲಿ ‘ಓಡು’, ಅದೂ ಮಣ್ಣೇ. ಬೆಂಗಳೂರು, ಚೆನ್ನೈ ಕಡೆ ‘ದೋಸೆಕಲ್ಲು’. ಕಬ್ಬಿಣ ಬಂದಮೇಲೂ ಕಲ್ಲು, ಮಣ್ಣುಗಳ ಹೆಸರು ಹೋಗಲಿಲ್ಲ. ‘ಕಾವಲಿ’ಯಲ್ಲಿ ಮಾತ್ರ ನನಗೆ ಕಾವು ಕೇಳಿಸುತ್ತದೆ.

ಕಬ್ಬಿಣ ನಮ್ಮ ನಾಡಿಗೆ ಹೊಸದಲ್ಲ. ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ಸಿಕ್ಕ ಕಬ್ಬಿಣದ ವಸ್ತುಗಳು ಕ್ರಿ.ಪೂ. 1000ದ ಸುಮಾರಿನವು. ಯುರೋಪಿನವರು ದಕ್ಷಿಣ ಭಾರತದ ಉಕ್ಕನ್ನು ‘ವೂಟ್ಜ್’ ಎಂದು ಕರೆದರಲ್ಲ, ಅದು ನಮ್ಮ ‘ಉಕ್ಕು’ ಪದದಿಂದಲೇ ಬಂದದ್ದೆಂದು ವಿದ್ವಾಂಸರು ಹೇಳುತ್ತಾರೆ. 12ನೇ ಶತಮಾನದಲ್ಲಿ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿದ್ದ. ಕೈರೋದಲ್ಲಿ ಉಳಿದುಬಂದ ಅವನ ಕಾಗದಪತ್ರಗಳಲ್ಲಿ, ನಮ್ಮ ಕರಾವಳಿಯಿಂದ ಏಡನ್ ಬಂದರಿಗೆ ಹೋದ ಕಬ್ಬಿಣದ ಲೆಕ್ಕವಿದೆ. ಸರಿಸುಮಾರು ಅದೇ ಕಾಲಕ್ಕೆ ಕಲ್ಯಾಣದಲ್ಲಿ ಆಳುತ್ತಿದ್ದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ‘ಧೋಸಕ’ ಎಂಬ ತಿಂಡಿಯನ್ನು ಹೆಸರಿಸಿದ್ದಾನೆ. ಅದಕ್ಕೆ ಅಕ್ಕಿ ಇಲ್ಲ, ಬರೀ ಬೇಳೆಯ ಹಿಟ್ಟು. ಅಂತೂ ದೋಸೆಯ ಹೆಸರೂ ಕಬ್ಬಿಣದ ವ್ಯಾಪಾರವೂ ನಮ್ಮಲ್ಲಿ ಒಂದೇ ಶತಮಾನದಲ್ಲಿ ದಾಖಲಾಗಿವೆ.

ಆದರೆ ಆ ಕಬ್ಬಿಣ ಬೀಡಲ್ಲ. ಇದನ್ನು ತಿಳಿಯಲು ಒಲೆಯೊಳಗೆ ಇಣುಕಬೇಕು. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ನಮ್ಮ ಹಳ್ಳಿಗಳ ಮಣ್ಣಿನ ಕುಲುಮೆಯಲ್ಲಿ ಇದ್ದಿಲು ತುಂಬಿ ಎಷ್ಟು ತಿದಿ ಒತ್ತಿದರೂ ಅಷ್ಟು ಶಾಖ ಹುಟ್ಟುವುದಿಲ್ಲ. ಅದಿರಿನಿಂದ ಕಬ್ಬಿಣ ಬೇರೆಯಾಗುತ್ತದೆ ನಿಜ, ಆದರೆ ನೀರಾಗದೆ ಕಿಟ್ಟದೊಡನೆ ಕಲೆತು ರಂಧ್ರರಂಧ್ರದ ಮುದ್ದೆಯಾಗಿ ತಳದಲ್ಲಿ ಕೂರುತ್ತದೆ. ಆ ಮುದ್ದೆಯನ್ನು ಮತ್ತೆ ಕಾಯಿಸಿ, ಅಡಿಗಲ್ಲಿನ ಮೇಲಿಟ್ಟು ಬಡಿದು ಬಡಿದು ಕಿಟ್ಟವನ್ನು ಹಿಂಡಿ ತೆಗೆಯಬೇಕು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ತಿರುಗಾಡಿದ ಫ್ರಾನ್ಸಿಸ್ ಬುಕನನ್ ಇಂಥ ಒಲೆಗಳನ್ನು ಕಣ್ಣಾರೆ ನೋಡಿ, ಕೆಲಸಗಾರರ ಕೂಲಿ, ಇದ್ದಿಲಿನ ಬೆಲೆಗಳನ್ನೂ ಬಿಡದೆ ಬರೆದಿಟ್ಟಿದ್ದಾನೆ. ಅಲ್ಲಿಂದ ಬಂದ ಕಬ್ಬಿಣದಿಂದ ಕಮ್ಮಾರ ಗುಳ ಮಾಡಬಲ್ಲ, ಕತ್ತಿ ಮಾಡಬಲ್ಲ, ತಟ್ಟಿ ಅಗಲಿಸಿ ಕಾವಲಿಯನ್ನೂ ಮಾಡಬಲ್ಲ. ಆದರೆ ಅಚ್ಚಿಗೆ ಹೊಯ್ಯಲಾರ. ದೇವರ ವಿಗ್ರಹಗಳನ್ನು ಅಷ್ಟು ಚೆಂದ ಎರಕ ಹೊಯ್ದ ನಾಡು ನಮ್ಮದು, ಆದರೆ ಅದು ಕಂಚು. ಕಂಚು ಸಾವಿರ ಡಿಗ್ರಿಯ ಆಸುಪಾಸಿನಲ್ಲೇ ನೀರಾಗುತ್ತದೆ.

ಹೊಯ್ಯುವ ಗುಟ್ಟು ಚೀನೀಯರಿಗೆ ಕ್ರಿ.ಪೂ. 5ನೇ ಶತಮಾನದಲ್ಲೇ ತಿಳಿದಿತ್ತು. ಎತ್ತರದ ಕುಲುಮೆಯಲ್ಲಿ ಜೋರಾಗಿ ಗಾಳಿ ಊದಿದರೆ ಕಬ್ಬಿಣ ಇದ್ದಿಲಿನ ಇಂಗಾಲವನ್ನು ಹೀರಿಕೊಳ್ಳುತ್ತದೆ. ನೂರಕ್ಕೆ ನಾಲ್ಕು ಪಾಲಿನಷ್ಟು ಇಂಗಾಲ ಸೇರಿದರೆ ಕರಗುವ ಶಾಖ 1150 ಡಿಗ್ರಿಗೆ ಇಳಿಯುತ್ತದೆ. ಆಗ ಅದು ನೀರಿನಂತೆ ಹರಿಯುತ್ತದೆ, ಮರಳಿನ ಅಚ್ಚಿಗೆ ಹೊಯ್ದರೆ ಬೇಕಾದ ಆಕಾರಕ್ಕೆ ಬರುತ್ತದೆ. ಅದೇ ಬೀಡು. ಕೇರಳದವರು ಕಬ್ಬಿಣದ ಬಾಣಲೆಗೆ ಇಂದಿಗೂ ‘ಚೀನಚಟ್ಟಿ’ ಎನ್ನುತ್ತಾರೆ. ಸಮುದ್ರ ದಾಟಿ ಬಂದ ಪಾತ್ರೆಯ ನೆನಪು ಆ ಹೆಸರಿನಲ್ಲಿ ಉಳಿದಿದೆ. ಇಂಗ್ಲೆಂಡಿನಲ್ಲಿ ಅಬ್ರಹಾಂ ಡಾರ್ಬಿ ಎಂಬಾತ 1707ರಲ್ಲಿ ಮರಳಿನ ಅಚ್ಚಿನಲ್ಲಿ ಬೀಡಿನ ಮಡಕೆ ಹೊಯ್ಯುವ ವಿಧಾನಕ್ಕೆ ಪೇಟೆಂಟ್ ಪಡೆದ. 1709ರಲ್ಲಿ ಕೋಲ್‌ಬ್ರೂಕ್‌ಡೇಲ್ ಎಂಬ ಊರಿನಲ್ಲಿ ಇದ್ದಿಲಿನ ಬದಲು ಕೋಕ್ ಬಳಸಿ ಅದಿರು ಕರಗಿಸಿದ. ಕೈಗಾರಿಕಾ ಕ್ರಾಂತಿಯ ಪಾಠದಲ್ಲಿ ನಾವೆಲ್ಲ ಓದುವುದು ಎರಡನೆಯದನ್ನು. ಆದರೆ ಡಾರ್ಬಿಯ ಹೊಟ್ಟೆ ಹೊರೆದದ್ದು ಅಡುಗೆಮನೆಯ ಮಡಕೆ. ರೈಲಿಗಿಂತ ಮೊದಲು ಗಂಜಿ!

ನಮ್ಮಲ್ಲಿ ಈ ವಿದ್ಯೆ ನಿಧಾನವಾಗಿ, ಬಿದ್ದು ಎದ್ದು ಬಂತು. ತಮಿಳುನಾಡಿನ ಪರಂಗಿಪೇಟೆಯಲ್ಲಿ 1830ರಲ್ಲಿ ಜೋಸಯ್ಯ ಹೀತ್ ಎಂಬ ಆಂಗ್ಲ ಬೀಡು ಕರಗಿಸುವ ಕಾರ್ಖಾನೆ ಹೂಡಿ, ಸಾಲದಲ್ಲಿ ಮುಳುಗಿದ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1903ರಲ್ಲಿ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ನೆಲ ವಿಷವಾಗುತ್ತದೆ ಎಂದು ರೈತರು ಅದನ್ನು ಮುಟ್ಟಲಿಲ್ಲವಂತೆ. (ಇಂದು ನಾವು ಕಬ್ಬಿಣದ ಕಾವಲಿಯೇ ಆರೋಗ್ಯಕ್ಕೆ ಅಮೃತ ಎನ್ನುತ್ತಿದ್ದೇವೆ. ಕಾಲ ನೋಡಿ!) 1910ರಲ್ಲಿ ಅವರು ಇಂದಿನ ಸಾಂಗ್ಲಿ ಜಿಲ್ಲೆಯ ಬರಡು ನೆಲಕ್ಕೆ ಹೋಗಿ ಕಿರ್ಲೋಸ್ಕರವಾಡಿ ಕಟ್ಟಿದರು. ಬೆಳಗಾವಿ, ಕೊಲ್ಹಾಪುರಗಳು ಮುಂದೆ ಎರಕಶಾಲೆಗಳ ದೊಡ್ಡ ಕೇಂದ್ರಗಳಾಗಿ ಬೆಳೆದವು.

ಇತ್ತ ನಮ್ಮ ಮಲೆನಾಡಿನ ಮಗ್ಗುಲಲ್ಲೇ, ಭದ್ರಾವತಿಯಲ್ಲಿ, 1923ರ ಜನವರಿಯಲ್ಲಿ ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಅದಿರು ಕೆಮ್ಮಣ್ಣುಗುಂಡಿಯದು, ಸುಡಲು ಕಲ್ಲಿದ್ದಲಲ್ಲ, ಮಲೆನಾಡಿನ ಕಾಡಿನ ಇದ್ದಿಲು. ನಷ್ಟದಲ್ಲಿ ತೊಳಲುತ್ತಿದ್ದ ಅದನ್ನು ಸರ್ ಎಂ. ವಿಶ್ವೇಶ್ವರಯ್ಯನವರು ಹೊಣೆ ಹೊತ್ತು ನಿಲ್ಲಿಸಿದ ಕಥೆ ನಿಮಗೆಲ್ಲ ಗೊತ್ತು. ಅಲ್ಲಿ ಹೊಯ್ದ ಬೀಡಿನ ಕೊಳವೆಗಳು ಊರೂರಿಗೆ ನೀರು ತಂದವು. ಅದೇ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದದ್ದು 2023ರ ಜನವರಿಯಲ್ಲಿ, ಸರಿಯಾಗಿ ನೂರು ತುಂಬುವ ತಿಂಗಳಲ್ಲಿ. ನೂರನೇ ಹುಟ್ಟುಹಬ್ಬಕ್ಕೆ ಕಾರ್ಮಿಕರು ಬೀದಿಗಿಳಿಯಬೇಕಾಯಿತು.

ಹೀಗಾಗಿ ಬೀಡಿನ ಕಾವಲಿ ನಮ್ಮಲ್ಲಿ ಕಮ್ಮಾರನ ಕೂಸಲ್ಲ, ಕಾರ್ಖಾನೆಯ ಕೂಸು. ಅಜ್ಜಿಯ ಕಾಲದ್ದೇ ಹೌದು, ಆದರೆ ಮುತ್ತಜ್ಜಿಯ ಅಜ್ಜಿಯ ಕಾಲದ್ದಲ್ಲ. ಹಾಗೆಂದು ಅದರ ಬೆಲೆ ಇಳಿಯುವುದಿಲ್ಲ; ಅದನ್ನು ಬಳಸುವ ರೀತಿ ಬೇರೆ, ಅಷ್ಟೆ. ಯಾವ ಇಂಗಾಲ ಕಬ್ಬಿಣವನ್ನು ನೀರಾಗಿ ಹರಿಸಿತೋ ಅದೇ ಇಂಗಾಲ ತಣ್ಣಗಾದ ಮೇಲೆ ಒಳಗೆ ಚೂರುಚೂರು ಪದರಗಳಾಗಿ ನಿಂತು ಅದನ್ನು ಪೆಡಸಾಗಿಸುತ್ತದೆ. ಬಡಿದ ಕಬ್ಬಿಣ ಬಗ್ಗುತ್ತದೆ, ಬೀಡು ಬಗ್ಗದು, ಸೀಳುತ್ತದೆ. ಅಮ್ಮನ ಕಾವಲಿಯ ನಡು ಸ್ವಲ್ಪ ತಗ್ಗಾಗಿದೆ. ಮೂವತ್ತು ವರ್ಷದ ಚೊಂಬು ನೀರಿಗೆ ಅದು ಬಗ್ಗಿ ಬದುಕಿದೆ. ನನ್ನದಕ್ಕೆ ಆ ವಿದ್ಯೆ ಗೊತ್ತಿರಲಿಲ್ಲ. ನಾನು ಅಮ್ಮನ ಕೈವಾಡಿಕೆಯನ್ನು ಮುಂಬಯಿಗೆ ತಂದೆ, ಅವಳ ಕಾವಲಿಯನ್ನು ತರಲಿಲ್ಲ.

ಇನ್ನು ಹೋಟೆಲಿನವರು ಕಾದ ಕಲ್ಲಿನ ಮೇಲೆ ನೀರು ಚಿಮುಕಿಸಿ ಪೊರಕೆಯಲ್ಲಿ ಗುಡಿಸುತ್ತಾರಲ್ಲ, ಅದು ಹೇಗೆ ಎಂದು ನೀವು ಕೇಳಬಹುದು. ಮಾಟುಂಗಾದ ಹೋಟೆಲುಗಳಲ್ಲಿ ನಾನೂ ನಿಂತು ನೋಡಿದ್ದೇನೆ. ಈಗಿನ ದೋಸೆ ಭಟ್ಟಿಗಳ ಮೇಲಿರುವುದು ಹೆಚ್ಚಾಗಿ ಬೆರಳುದಪ್ಪದ ಉಕ್ಕಿನ ಹಲಗೆ, ಬೀಡಲ್ಲ. ಮೇಲಾಗಿ ಅವರು ಹಾಕುವುದು ಒಂದು ಹಿಡಿ ನೀರು. ಮೇಲ್ಮೈಯ ಶಾಖ ಒಂದಿಷ್ಟು ಇಳಿದರೆ ಹಿಟ್ಟು ಸೌಟಿಗೆ ಅಂಟದೆ ತೆಳ್ಳಗೆ ಹರಡುತ್ತದೆ, ಅದಕ್ಕಾಗಿ. ಮನೆಯ ಬೀಡಿನ ಕಾವಲಿಗೂ ನಾಲ್ಕು ಹನಿ ಚಿಮುಕಿಸಿದರೆ ತೊಂದರೆಯಿಲ್ಲ. ನಲ್ಲಿಯ ಧಾರೆ ಮಾತ್ರ ಬೇಡ.

ದೊಡ್ಡದನ್ನು ಕೊಳ್ಳುವವರಿಗೆ ಒಂದು ಲೆಕ್ಕ. 30 ಸೆಂಟಿಮೀಟರ್ ಅಗಲ, 5 ಮಿಲಿಮೀಟರ್ ದಪ್ಪದ ಬೀಡಿನ ತಟ್ಟೆ ಹಿಡಿ ಬಿಟ್ಟು ಸುಮಾರು ಎರಡೂವರೆ ಕಿಲೋ ತೂಗುತ್ತದೆ. ಅದೇ ದಪ್ಪದಲ್ಲಿ 40 ಸೆಂಟಿಮೀಟರ್ ಎಂದರೆ ನಾಲ್ಕೂವರೆ ಕಿಲೋ. ಒಂದು ಕೈಯಲ್ಲಿ ಎತ್ತಲಾರಿರಿ. ಕಬ್ಬಿಣ ಎಲ್ಲ ಕಡೆ ಸಮನಾಗಿ ಕಾಯುತ್ತದೆ ಎನ್ನುವ ಮಾತನ್ನೂ ನಂಬಬೇಡಿ. ಅಲ್ಯೂಮಿನಿಯಂಗೆ ಹೋಲಿಸಿದರೆ ಅದರಲ್ಲಿ ಶಾಖ ಹರಿಯುವುದು ಬಹಳ ನಿಧಾನ. ಸಣ್ಣ ಬರ್ನರ್ ಮೇಲೆ ದೊಡ್ಡ ಕಾವಲಿ ಇಟ್ಟರೆ ನಡುವೆ ಕರಕು, ಅಂಚಿನಲ್ಲಿ ಹಸಿ. ಅದರ ಗುಣವೇ ಬೇರೆ. ಒಮ್ಮೆ ಕಾದರೆ ಆ ತೂಕವೇ ಕಾವನ್ನು ಹಿಡಿದಿಡುತ್ತದೆ, ತಣ್ಣನೆಯ ಹಿಟ್ಟು ಬಿದ್ದರೂ ಬೆದರುವುದಿಲ್ಲ. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಸುಮ್ಮನೆ ಬಿಡಿ.

ಕೊಳ್ಳುವಾಗ ಕಣ್ಣಿನಷ್ಟೇ ಕಿವಿಯನ್ನೂ ನಂಬಿ. ಇದು ರೇಡಿಯೋದವಳ ಮಾತು. ಹಿಡಿಯಲ್ಲಿ ತೂಗಾಡಿಸಿ, ಬೆರಳ ಗೆಣ್ಣಿನಿಂದ ತಟ್ಟಿ. ಗಟ್ಟಿ ಕಾವಲಿ ಒಂದು ಕ್ಷಣ ನಾದ ಹಿಡಿಯುತ್ತದೆ. ಒಳಗೆ ಸೀಳಿದ್ದರೆ ‘ದಬ್’ ಎಂದು ಸತ್ತುಹೋಗುತ್ತದೆ. ಮರಳಿನ ಅಚ್ಚಿನ ತರಿ ಇರುವುದು ತಪ್ಪಲ್ಲ, ಗುಳಿಗಳಿದ್ದರೆ ಬೇಡ. ಮನೆಗೆ ತಂದು ತೊಳೆದು, ಒರೆಸಿ, ಒಲೆಯ ಮೇಲೆ ಪೂರ್ತಿ ಆರಿಸಿ, ಎಣ್ಣೆಯನ್ನು ಕಂಡೂ ಕಾಣದಷ್ಟು ಸವರಿ ಹೊಗೆಯಾಡುವವರೆಗೆ ಕಾಯಿಸಿ, ತಾನಾಗಿ ತಣಿಯಲು ಬಿಡಿ. ನಾಲ್ಕೈದು ಸಲ ಹೀಗೆ ಮಾಡಿದರೆ ಎಣ್ಣೆ ಸುಟ್ಟು ಗಟ್ಟಿಯಾಗಿ ಕಪ್ಪು ಪೊರೆಯಾಗುತ್ತದೆ. ಇದನ್ನೇ ಹಿರಿಯರು ಪಳಗಿಸುವುದು ಎಂದದ್ದು, ಆನೆಯಂತೆ, ಎತ್ತಿನಂತೆ. ಆಮೇಲೆ ದೋಸೆಗೆ ಮೊದಲು ಅರ್ಧ ಈರುಳ್ಳಿ ಉಜ್ಜಿದರೆ ಸಾಕು. ಹುಣಿಸೆ, ಟೊಮೆಟೊ ಹಾಕಿ ಕುದಿಸಿದರೆ ಆ ಪೊರೆ ಕಿತ್ತುಬರುತ್ತದೆ.

1938ರಲ್ಲಿ ಅಮೆರಿಕದಲ್ಲಿ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಹಿಡಿದ ಟೆಫ್ಲಾನ್, ಪಳಗಿಸುವ ಈ ಕಾಯುವಿಕೆಯನ್ನೇ ಇಲ್ಲವಾಗಿಸಿತು. ನಮ್ಮ ಮನೆಯಲ್ಲೂ ಅದರ ಎರಡು ತವಾಗಳಿವೆ. ಎರಡೂ ಪದರ ಎದ್ದು, ಅಟ್ಟ ಸೇರಿವೆ.

ಮುದುಕರ ಬಳಿ ಜಗಳವಾಡಲಿಲ್ಲ. ಅವರಿಂದಲೇ ಇನ್ನೊಂದು ಬೀಡಿನದನ್ನು ತಟ್ಟಿ ನೋಡಿ ತಂದೆ. ಹಳೆಯದನ್ನು ತೂಕಕ್ಕೆ ತೆಗೆದುಕೊಂಡರು. ಒಡೆದ ಬೀಡು ಮತ್ತೆ ಕುಲುಮೆಗೆ ಹೋಗುತ್ತದೆಯಂತೆ. ಅಮ್ಮನಿಗೆ ಇದನ್ನೆಲ್ಲ ಫೋನಿನಲ್ಲಿ ವಿವರಿಸಿದೆ, ಡಾರ್ಬಿಯನ್ನೂ ಬಿಡದೆ. ಪೂರ್ತಿ ಕೇಳಿಸಿಕೊಂಡು, “ಹಾಗಾದರೆ ನನ್ನದನ್ನೇ ಬಸ್ಸಿಗೆ ಹಾಕಿ ಕಳಿಸ್ಲಾ?” ಅಂದಳು. “ಬೇಡಮ್ಮ, ನೀನು ದೋಸೆ ಯಾವುದರಲ್ಲಿ ಹುಯ್ತೀ?” ಅಂದೆ. “ಅದೂ ಹೌದು” ಎಂದು ಫೋನಿಟ್ಟಳು.