ಟೇಪಿನೊಳಗಿನ ಕೆಮ್ಮು

1972ರ ಆಗಸ್ಟ್‌ನಲ್ಲಿ ಡೀಪ್ ಪರ್ಪಲ್ ಎಂಬ ಇಂಗ್ಲೆಂಡಿನ ರಾಕ್ ತಂಡ ಜಪಾನಿಗೆ ಹೋಯಿತು. ಒಸಾಕಾದಲ್ಲಿ ಎರಡು ರಾತ್ರಿ, ಟೋಕಿಯೋದ ಬುಡೋಕಾನ್‌ನಲ್ಲಿ ಒಂದು ರಾತ್ರಿ ಶೋ. ಅದನ್ನೆಲ್ಲ ರೆಕಾರ್ಡ್ ಮಾಡಿ ಮಾರಬೇಕು ಅನ್ನೋ ಆಸೆ ಇದ್ದದ್ದು ಅಲ್ಲಿನ ಕಂಪನಿಗೆ. ತಂಡದವರಿಗೆ ಅಷ್ಟೇನೂ ಮನಸ್ಸಿರಲಿಲ್ಲ. ಕಡೆಗೆ ನಮ್ಮ ಎಂಜಿನಿಯರ್ ಮಾರ್ಟಿನ್ ಬರ್ಚ್ ಬಂದು ಕೂತರೆ ಮಾತ್ರ ಅಂತ ಒಪ್ಪಿದರು. ಎಂಟು ಟ್ರ್ಯಾಕಿನ ಟೇಪು. ಆಮೇಲೆ ಸ್ಟುಡಿಯೋಗೆ ಹೋಗಿ ತಪ್ಪಿದ್ದನ್ನು ಮತ್ತೆ ನುಡಿಸಿ ಸೇರಿಸಲಿಲ್ಲ. ಆ ವರ್ಷದ ಕೊನೆಗೆ ಬಂದ 'ಮೇಡ್ ಇನ್ ಜಪಾನ್' ಇವತ್ತಿಗೂ ಲೈವ್ ಆಲ್ಬಮ್ ಅಂದ ಕೂಡಲೇ ನೆನಪಾಗುವ ಹೆಸರು.

ಬಿಇ ಓದುವಾಗ ಹಾಸ್ಟೆಲ್‌ನಲ್ಲಿ ಯಾರದೋ ಹಾರ್ಡ್ ಡಿಸ್ಕಿನಿಂದ ಅದು ನನಗೆ ಸಿಕ್ಕಿತು. ಇಂಗ್ಲಿಷ್ ಹಾಡು ಅರ್ಧ ತಿಳೀತಿರಲಿಲ್ಲ, ಗಿಟಾರಂತೂ ಆಗ ನನಗೆ ಬರೀ ಗದ್ದಲ. ಹಿಡಿದು ಕೂರಿಸಿದ್ದು ಜನ. ಮೆಲ್ಲಗೆ ನುಡಿಸುವ ಕಡೆ ಅಷ್ಟು ದೊಡ್ಡ ಹಾಲ್ ಉಸಿರು ಬಿಗಿಹಿಡಿಯೋದು ಕೇಳಿಸುತ್ತೆ. ನಮ್ಮ ಕಡೆಯವರಿಗೆ ಇದು ಗೊತ್ತಿರೋ ಸಂಗತಿ. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ದಸರೆಯ ಹೊತ್ತಿಗೆ ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಅಂತಾನೆ. ಸಾವಿರಾರು ಜನ ಒಂದೇ ಸಲಕ್ಕೆ ಗಪ್ಪಾಗ್ತಾರೆ. ಆಮೇಲೆ ಬರೋದು ಒಂದೇ ಸಾಲಿನ ಕಾರ್ಣಿಕ. ಮರುದಿನದ ಪೇಪರಿನಲ್ಲಿ ಆ ಸಾಲು ಬರುತ್ತೆ, ಅದಕ್ಕಿಂತ ಮೊದಲಿನ ಮೌನ ಬರೋಲ್ಲ.

ಅದೇ ರೀತಿ ನಮಗೆ ಸಾಲು ಸಿಕ್ಕಿ ಸದ್ದು ಸಿಗದೇ ಹೋದ ಮನುಷ್ಯ ಶಿಶುನಾಳ ಶರೀಫ. ಹುಟ್ಟಿದ್ದು 1819, ಹೋದದ್ದು 1889. ಊರು ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳ. 1997ರಲ್ಲಿ ಧಾರವಾಡ ಒಡೆದು ಹಾವೇರಿ ಜಿಲ್ಲೆಯಾದ ಮೇಲೆ ಅಧಿಕೃತವಾಗಿ ನಮ್ಮವನು. ಎಡಿಸನ್ನನ ಫೋನೋಗ್ರಾಫ್ 1877ರಲ್ಲೇ ಬಂದಿತ್ತು. ಆದರೆ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾಕ್ಕೆ ಬಂದು ಗೌಹರ್ ಜಾನ್ ಹಾಡಿದ್ದನ್ನು ಹಿಡಿದದ್ದು 1902ರಲ್ಲಿ. ಹದಿಮೂರು ವರ್ಷ ತಡ. ಅಷ್ಟರಲ್ಲಿ ಶರೀಫರ ಪದಗಳು ಭಜನೆಯವರ ಬಾಯಿಗೆ ಬಿದ್ದಿದ್ದವು. ಪೇಟಿ, ತಾಳ, ದಮ್ಮಡಿ, ಏಕತಾರಿ. ಒಬ್ಬ ಎತ್ತಿಕೊಡ್ತಾನೆ, ಉಳಿದವರು ಹಿಡೀತಾರೆ. ಊರಿಗೊಂದು ಮಟ್ಟು. ಅಂದರೆ ಶರೀಫರ ಪದ ಹುಟ್ಟಾ ಲೈವ್.

ಮುಂದಿನ ಕಥೆ ನಿಮಗೆ ಗೊತ್ತು. ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡ್ಕೊಂಡೇ ಹಾಡುತ್ತಿದ್ದ ಸಿ. ಅಶ್ವಥ್ ಶರೀಫರನ್ನು ಕ್ಯಾಸೆಟ್ಟಿಗೆ ತಂದರು. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಬಂತು: ಶ್ರೀಧರ್ ಶರೀಫ, ಗಿರೀಶ್ ಕಾರ್ನಾಡ್ ಗುರು ಗೋವಿಂದಭಟ್ಟ, ಸಂಗೀತ ಅಶ್ವಥ್‌ರದೇ. ಇಡೀ ಕರ್ನಾಟಕ ಶರೀಫರನ್ನು ಗುನುಗಿತು. ಅಶ್ವಥ್ ಸ್ಟುಡಿಯೋಗೆ ಮಾತ್ರ ಸೇರಿದ ಗಾಯಕರಲ್ಲ ಅನ್ನೋದಕ್ಕೆ 2005ರ 'ಕನ್ನಡವೇ ಸತ್ಯ' ಸಾಕ್ಷಿ. ರೋಲಿಂಗ್ ಸ್ಟೋನ್ಸ್ 2003ರಲ್ಲಿ, ಐರನ್ ಮೇಡನ್ 2007ರಲ್ಲಿ ಹಾಡಿದ ಅದೇ ಬೆಂಗಳೂರು ಅರಮನೆ ಮೈದಾನವನ್ನು ಅವರು ಭಾವಗೀತೆ ಇಟ್ಕೊಂಡು ತುಂಬಿಸಿದರು. ಇದಕ್ಕಿಂತ ದೊಡ್ಡ ರಾಕ್ ಶೋ ಬೇಕಾ?

ರಾಕ್ ಅಂದೆನಲ್ಲ, ಮೈಕ್ರೋಬಯಾಲಜಿ ಓದಿದ ಮೈಸೂರಿನ ರಘು ದೀಕ್ಷಿತ್ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಡ್ರಮ್ಸು ಗಿಟಾರಿನ ಜೊತೆ ಶರೀಫರನ್ನು ಹಾಡತೊಡಗಿದರು. 2008ರ ಮೊದಲ ಆಲ್ಬಮ್‌ನಲ್ಲೇ ಎರಡು ತತ್ವಪದ ಇವೆ. 2011ರಲ್ಲಿ ಆ ತಂಡ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದ ಸ್ಟೇಜ್ ಹತ್ತಿತು. ಶರೀಫರನ್ನು ಕೆಡಿಸಿದ ಅಂತ ಗೊಣಗಿದವರನ್ನು ನಾನು ಕಂಡಿದ್ದೇನೆ. ನನ್ನ ಲೆಕ್ಕ ಬೇರೆ. ಅವರ ಶೋನಲ್ಲಿ ಒಬ್ಬರು ಎತ್ತಿಕೊಡ್ತಾರೆ, ಕೆಳಗಿನ ಹುಡುಗರು ಹಿಡೀತಾರೆ. ಇದು ಭಜನೆಯ ಲೆಕ್ಕವೇ. ನಾವು ಹೆಡ್‌ಫೋನಿನಲ್ಲಿ ಒಬ್ಬೊಬ್ಬರೇ ಕೇಳೋ ಶರೀಫರಿಗಿಂತ ಅದು ಹಳೇ ಶರೀಫರಿಗೆ ಹತ್ತಿರ.

ಹಾಗಾದರೆ ಕಳಕೊಂಡದ್ದೇನು? ಮಟ್ಟು. ಬ್ಯಾಡಗಿ ಹತ್ತಿರದ ನಮ್ಮೂರಿನಲ್ಲಿ ನನಗೆ ಬುದ್ಧಿ ಬರುವಷ್ಟರಲ್ಲಿ ಭಜನೆಯವರೂ ಸಿನಿಮಾದ ಮಟ್ಟಿಗೇ ಹೊರಳಿದ್ದರು. ಅಶ್ವಥ್‌ರ ತಪ್ಪಲ್ಲ ಅದು. ಚೆಂದ ಇದ್ದದ್ದು ಗೆದ್ದಿತು. ಹಳೇದು ಹೇಗಿತ್ತು ಅಂತ ದೊಡ್ಡಪ್ಪನನ್ನು ಕೇಳಿದರೆ, 'ಬ್ಯಾರೆನ ಇತ್ತೋ ತಮ್ಮಾ, ಇಷ್ಟು ಓಡ್ತಿರಲಿಲ್ಲ' ಅಂತಿದ್ದ. ಹಾಡಲಿಕ್ಕೆ ಹೋದರೆ ಎರಡನೇ ಸಾಲಿಗೆ ಸಿನಿಮಾದ್ದೇ ಬರ್ತಿತ್ತು.

ಕಳೆದ ವರ್ಷ ದೀಪಾವಳಿಗೆ ಅಟ್ಟ ಹಸನ ಮಾಡುವಾಗ ಮೆಣಸಿನಕಾಯಿ ಚೀಲದ ಹಿಂದೆ ಒಂದು ಕ್ಯಾಸೆಟ್ ಸಿಕ್ಕಿತು. ಹಣುಮಪ್ಪನ ಗುಡಿಯ ಭಜನೆ, 1988. ದೊಡ್ಡಪ್ಪ ಆಗ ರಾಣೆಬೆನ್ನೂರಿನಿಂದ ಟೇಪ್ ರೆಕಾರ್ಡರ್ ತಂದ ಹೊಸತು. ಬೂಸ್ಟು ಹಿಡಿದಿತ್ತು. ಒರೆಸಿ, ರೀಲು ಬೇರೆ ಡಬ್ಬಿಗೆ ಹಾಕಿ, ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ನಾಯಿ ಬೊಗಳುತ್ತೆ, ಯಾರೋ ಚಾ ಕೇಳ್ತಾರೆ, ತಾಳ ಒಂದು ಕಡೆ ತಪ್ಪುತ್ತೆ. ಆದರೆ ಆ ಮಟ್ಟು ಇದೆ! ನಿಧಾನ, ಸ್ವಲ್ಪ ಅಳುವಿನಂಥದ್ದು, ಪ್ರತಿ ಸಾಲಿನ ಕಡೆಗೆ ಹಿಮ್ಮೇಳದವರು ಎಳೆಯುವ ಎಳೆತ ಬೇರೆ.

ನಾಯ್ಸ್ ರಿಡಕ್ಷನ್ ಹಾಕಲಾ ಅಂತ ದೊಡ್ಡಪ್ಪನಿಗೆ ಎರಡೂ ಥರ ಕೇಳಿಸಿದೆ. ಸರ್ ಅನ್ನೋ ಸದ್ದು ಹೋದದ್ದಕ್ಕೆ ಖುಷಿಪಟ್ಟ. ನಡುವೆ ಒಂದು ಕಡೆ ಕೈಯೆತ್ತಿ ನಿಲ್ಲಿಸಿದ.

'ಇಲ್ಲೊಂದು ಕೆಮ್ಮು ಇತ್ತಲ್ಲ?'

'ಅದನ್ನ ತಗೀತದ ದೊಡ್ಡಪ್ಪ, ಸ್ವಚ್ಛ ಆಗಲಿ ಅಂತ.'

'ತಗೀಬ್ಯಾಡ. ಅಂವ ನಿಮ್ಮಜ್ಜ.'

ಅಜ್ಜನ ದನಿ ಬೇರೆಲ್ಲೂ ಇಲ್ಲ. ಫೋಟೋ ಒಂದಿದೆ, ಅದೂ ಮದುವೆಯೊಂದರ ಗುಂಪಿನಲ್ಲಿ. ಸರಿ, ಆ ಫೈಲನ್ನು ಇದ್ದ ಹಾಗೇ ಮೂರು ಕಡೆ ಕಾಪಿ ಮಾಡಿಟ್ಟೆ.

ಎ ಸೈಡಿನ ಮೂವತ್ತು ನಿಮಿಷ ಪೂರ್ತಿ ಇದೆ. ಬಿ ಸೈಡಿನಲ್ಲಿ ಭಜನೆ ನಡುವೆ ಟಕ್ ಅಂತ ನಿಂತು ಸಿನಿಮಾದ ಶರೀಫರ ಪದ ಶುರುವಾಗುತ್ತೆ, ರೇಡಿಯೋದಿಂದ ತುಂಬಿಸಿಕೊಂಡದ್ದು. ಅದರ ಕೆಳಗೆ ಇದ್ದ ಭಜನೆಯನ್ನು ಯಾವ ಸಾಫ್ಟ್‌ವೇರೂ ವಾಪಸ್ ತರೋದಿಲ್ಲ.